ಧಕ್ಕೆ

ಹೊಟ್ಟೆ ಸೀಳದೆ ಬರೆದಿದ್ದ, ತನ್ನ ಹೆಸರನ್ನೇ.
ದಿರಜ.
ಎರಡನೇ ಕ್ಲಾಸು, ಹಿಂದಿನ ಬೆಂಚು,
ಕಿಟಕಿಯಾಚೆ ಒಣಗುವ ಬಲೆ.
ಕೆಂಪು ಶಾಯಿಯಲ್ಲಿ ನಾನೇ ಸೀಳಿದೆ, ದೀರ್ಘ ಎಳೆದೆ,
ನೂರು ಸಲ ಬರಿ ಎಂದೆ.
ನೂರರಲ್ಲಿ ನಲವತ್ತು ಸಲ ಅದು ಬೇರೆ ಯಾರದೋ ಹೆಸರು.
'ಗಮನ ಸಾಲದು' ಎಂದು ಪ್ರಗತಿ ಪತ್ರದಲ್ಲಿ ಬರೆದೆ.
ದುಂಡಗಿನ ಅಕ್ಷರ ನನ್ನದು, ಎಲ್ಲರೂ ಹೊಗಳುತ್ತಿದ್ದರು.

ಈಗ ಅವನು ಬೆಂಗ್ರೆಯ ದೋಣಿಯಲ್ಲಿ ಹಗ್ಗ ಹಿಡಿಯುವವನು.
ದಿನಾ ನನ್ನನ್ನು ಹೊಳೆ ದಾಟಿಸುತ್ತಾನೆ;
ನೀರಿನ ಬಣ್ಣ ನೋಡಿ ಹೂಳೆಲ್ಲಿ, ಆಳವೆಲ್ಲಿ ಎನ್ನುತ್ತಾನೆ,
ಚಿಲ್ಲರೆ ಲೆಕ್ಕ ತಪ್ಪುವುದಿಲ್ಲ.

ಈ ವರ್ಷ ಮಿಸ್ರಿಯಾ.
ಬೂತಾಯಿ, ಬಂಗುಡೆ, ನಂಗು, ಕಾಣೆ,
ಬುಟ್ಟಿ ಮುಚ್ಚಿದ್ದರೂ ವಾಸನೆಯಲ್ಲೇ ಹೇಳುವ ಹುಡುಗಿ,
ಅಜ್ಜಿಯ ಕತೆಯನ್ನು ಒಂದೇ ಉಸಿರಿಗೆ ಒಪ್ಪಿಸುವವಳು
'ಮರ' ಎಂದು ಬೋರ್ಡಿನಲ್ಲಿ ಬರೆದರೆ ಬೆವರುತ್ತಾಳೆ.
ಮ-ದ ಬಾಲ ಅವಳಿಗೆ ಒಮ್ಮೆ ಸಿಗುತ್ತದೆ, ಒಮ್ಮೆ ಇಲ್ಲ.
ಓದುವ ಸರದಿ ಬಂತೋ, ಹೊಟ್ಟೆನೋವು.
ಆ ಹೊಟ್ಟೆನೋವನ್ನು ನಾನು ಮೊದಲೂ ನೋಡಿದ್ದೆ.

ಪೆನ್ನು ಮುಚ್ಚಿದೆ.
"ಬೆಳೀತಾ ಸರಿಯಾಗ್ತದೆ ಅಲ್ವಾ" ಎಂದ ಅವಳ ಉಮ್ಮನಿಗೆ
ಕಾಯುವುದು ಬೇಡ ಎಂದೆ. ಮಂಡೆ ಸರಿ ಉಂಟು, ದಾರಿ ಬೇರೆ.
ಶನಿವಾರ ಮೂವರೂ ದೋಣಿ ಹತ್ತಿದೆವು.

"ಎಂತ ಟೀಚರ್, ಪೇಟೆಗಾ?"
ಹೇಳಿದೆ. ಅಕ್ಷರ ಕೈಗೆ ಸಿಗದ ಮಕ್ಕಳಿಗೆ
ಪರೀಕ್ಷೆ ಉಂಟು, ಕಲಿಸುವ ಬೇರೆ ಕ್ರಮ ಉಂಟು,
ಬೇಗ ಹೋದಷ್ಟೂ ಒಳ್ಳೆಯದು.
ಎಂಜಿನ್ನಿನ ಸದ್ದು. ಹೊಳೆಯ ನಡುವಿನವರೆಗೂ
ಅವನು ಹಗ್ಗ ಬಿಚ್ಚಿ ಸುತ್ತಿದ, ಬಿಚ್ಚಿ ಸುತ್ತಿದ.

"ಅದು ಆಗಲೂ ಇತ್ತಾ, ಟೀಚರ್?"

ಇತ್ತು.
ನನಗೆ ಗೊತ್ತಿರಲಿಲ್ಲ, ಇದು ನಿಜ.
ಯಾರನ್ನೂ ಕೇಳಲೂ ಇಲ್ಲ, ಇದೂ.
ದೋಣಿ ಧಕ್ಕೆಗೆ ತಾಗಿತು.

ಮರಳಲ್ಲಿ ಬೆರಳಾಡಿಸಿ ಬರೆಸಿ ಎಂದರು ಅಲ್ಲಿಯ ಮೇಡಂ,
ಗೀರಿನ ಜೊತೆಗೇ ಸದ್ದು, ದಿನಕ್ಕೆ ಒಂದೇ ಅಕ್ಷರವಾದರೂ ಸಾಕು.
ಉಮ್ಮ ಮೊದಲ ಸಲ ನಕ್ಕಳು:
ಮರಳಾ? ನಮ್ಮಲ್ಲಿ ಅದಕ್ಕೇನು ಬರ!

ಈಗ ಸಂಜೆ ಶಾಲೆ ಬಿಟ್ಟ ಮೇಲೆ
ನನ್ನ ದೋಣಿ ಬರುವವರೆಗೆ ಮಿಸ್ರಿಯಾ
ಇಡೀ ತೋಳಿನಿಂದ ಮ ಬರೆಯುತ್ತಾಳೆ, ಆಳುದ್ದದ ಮ,
ಬಾಲದ ಹತ್ತಿರ ನಿಂತು ಯೋಚಿಸುತ್ತಾಳೆ.
ಹಗ್ಗ ಕಟ್ಟಿ ಬಂದ ಧೀರಜ್
ಬಳಸಿ ನಡೆಯುತ್ತಾನೆ,
ತುಳಿಯದ ಹಾಗೆ.