ಹನ್ನೊಂದು ಡ್ರೈವರ್‌ಗಳು

ವಿದಿನ್ ಊರಿನ ಕಂಬಕ್ಕೆ, ಬಾಗಿಲಿಗೆ ಅಂಟಿಸುವ
ಸಾವಿನ ಚೀಟಿಗಳೆಲ್ಲ ಅಚ್ಚಾಗುವುದು
ಯೋರ್ದಾಂಕಳ ಅಂಗಡಿಯಲ್ಲೇ.
ಬೆಳಗ್ಗೆ ತೆರೆದರೆ ಪರದೆಯಲ್ಲಿ ಕೆಂಪು ಚೌಕ:
ಹನ್ನೊಂದು ಡ್ರೈವರ್ ಹಳತಾಗಿವೆ, ಅಪಾಯ,
ಈಗಲೇ ಸರಿಪಡಿಸಿ. ಕೆಳಗೆ ಸಣ್ಣಕ್ಷರದಲ್ಲಿ ದುಡ್ಡು.

ವೈರಸ್ ಕಾಯಲೆಂದು ಇಟ್ಟವನು
ಔಷಧಿ ಮಾರತೊಡಗಿದ್ದು ಯಾವಾಗ?
ಬೇಲಿಗೂ ಹಸಿವಾಗುತ್ತದೆ, ಗೊತ್ತು.

ಹೋದ ಚಳಿಗಾಲ ಹೂಂ ಅಂದಿದ್ದಳು.
ಮೂರು ದಿನ ಪ್ರಿಂಟರ್ ಮಾತು ಬಿಟ್ಟಿತ್ತು;
ಸ್ತಾಮೆನ್ ತಾತ ಸತ್ತದ್ದು
ಮಣ್ಣಾದ ಮೇಲೆ ಊರಿಗೆ ತಿಳಿಯಿತು.

ಆದರೂ, ಹನ್ನೊಂದರಲ್ಲಿ ಒಂದಾದರೂ ನಿಜವಿದ್ದರೆ?

ಪ್ರಿಂಟರ್ ಮಾಡಿದವರ ತಾಣಕ್ಕೇ ಹೋಗಿ ಹುಡುಕುತ್ತಾಳೆ.
ಹೊಸದೇನಿಲ್ಲ. ತನ್ನಲ್ಲಿರುವುದೇ ಅವರ ಕೊನೆಯದು.
ಉಳಿದ ಹತ್ತು?
ನಾಳೆ, ಒಂದೊಂದಾಗಿ.

ಕೆಂಪು ಚೌಕ ಮುಚ್ಚುತ್ತಾಳೆ.
ಪ್ರಿಂಟರ್ ಕೆಮ್ಮುತ್ತ ಎದ್ದು
ಯಾರದೋ ಹೆಸರನ್ನು
ಬೆಚ್ಚಗೆ ಅವಳ ಕೈಗಿಡುತ್ತದೆ.