ಅರವತ್ತನಾಲ್ಕನೆಯ ಕಲಮು

ಫೌಂಟನ್ನಿನ ಫುಟ್‌ಪಾತಿನಲ್ಲಿ ರಟ್ಟು ಕಿತ್ತ ಪುಸ್ತಕ.
ಮೂವತ್ತಕ್ಕೆ ಕೇಳಿದೆ, ನಲವತ್ತಕ್ಕೆ ಕೊಟ್ಟ.
ಏಳುನೂರು ವರ್ಷದ ಹಿಂದೆ ಸರ್ಬಿಯಾದ ದೊರೆ
ಬರೆಸಿದ ಕಾನೂನು, ಯಾರೋ ಇಂಗ್ಲಿಷಿಗೆ ಇಳಿಸಿದ್ದು.
ನನಗೇಕೆ ಬೇಕಿತ್ತು?
ಮೂವತ್ತೊಂದು ವರ್ಷ ಲೇಬರ್ ಕೋರ್ಟಿನ ದುಭಾಷಿ,
ಕಂಡವರ ಮಾತು ಆಡಿ ಆಡಿ ನಾಲಗೆ ಸವೆದವನು.
ಮರಳುವ ರೈಲಿನಲ್ಲಿ ಓದಲಿಕ್ಕೆ
ಯಾರೂ ವಾಯಿದೆ ಕೇಳದ ಒಂದು ದೇಶ
ಇರಲಿ ಅನಿಸಿತ್ತು.

ವಡಾಲಾ ದಾಟುವಷ್ಟರಲ್ಲಿ ಮೂಗು ಕೊಯ್ದಾಗಿತ್ತು.
ಇಗರ್ಜಿಯ ಬಾಗಿಲ ಬೆಂಕಿಯಿಂದ ಕಾದ ಕಬ್ಬಿಣ ಎತ್ತಿ
ಒಳಗಿನ ಪೂಜೆಯ ಮೇಜಿನವರೆಗೆ ನಡೆಯಬೇಕು ಆರೋಪಿ.
ನಮ್ಮಲ್ಲೂ ಇತ್ತಲ್ಲ ದಿವ್ಯ!
ಬೆಲ್ಲ ಕದ್ದ ಆರೋಪಕ್ಕೂ ನಮ್ಮಜ್ಜಿ
ಕಾದೆಣ್ಣೆಗೆ ಕೈ ಅದ್ದುತ್ತೇನೆ ಅನ್ನುತ್ತಿದ್ದಳು,
ಅದ್ದಲಿಲ್ಲ ಎಂದೂ. ಬೆಲ್ಲ ಕದ್ದದ್ದು ಅವಳೇ.

ಚೆಂಬೂರಿನ ಹತ್ತಿರ ಒಂದು ಪುಟ ಅಂಟಿಕೊಂಡಿತ್ತು.
ಉಗುಳು ಹಚ್ಚಿ ಬಿಡಿಸಿದೆ.
ಕಲಮು ಅರವತ್ತನಾಲ್ಕು, ಒಂದೇ ಸಾಲು:
ದಿಕ್ಕಿಲ್ಲದೆ ಕದಿರು ಹಿಡಿದು ನೂಲುವ ಹೆಂಗಸನ್ನು
ಪಾದ್ರಿಯಷ್ಟೇ ಸ್ವತಂತ್ರಳೆಂದು ತಿಳಿಯತಕ್ಕದ್ದು.

ಗೋವಂಡಿಯಲ್ಲಿ ಇಳಿಯಬೇಕಿದ್ದವನು
ಮಾನ್‌ಖುರ್ದಿನಲ್ಲಿ ಇಳಿದೆ.

*

ಯಮನವ್ವ ತಳಕೇರಿ, ಇಂಡಿ ತಾಲೂಕಿನ ಕಡೆಯವಳು,
ಲಾಲ್‌ಬಾಗಿನ ಮಿಲ್ಲು, ವೈಂಡಿಂಗ್ ಖಾತೆ.
ಸಂಪಿಗೆ ಮುಚ್ಚಿದ ಗೇಟು ತೆರೆಯಲೇ ಇಲ್ಲ.
ಈಗಲ್ಲಿ ನಲವತ್ತಾರು ಮಾಳಿಗೆ;
ಚಿಮಣಿಯೊಂದನ್ನು ಚೆಂದಕ್ಕೆಂದು ಉಳಿಸಿದ್ದಾರೆ.
ಬಾಕಿ ಪಗಾರದ ಕೇಸಿಗೆ ಹತ್ತೊಂಬತ್ತು ವರ್ಷ.
ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಟಿಕೆಟ್ ನಂಬರು
ಎದೆಗೆ ಇಟ್ಟುಕೊಂಡೇ ಬರುತ್ತಾಳೆ.

"ನೂಲು ಹರೀತಂದ್ರ ಕಣ್ಣ ಮುಚ್ಚಿ ಗಂಟ ಹಾಕ್ತಿದ್ನಿರಿ,
ಹೊಟ್ಟ್ಯಾಗಿನ ಕೂಸು ಒದಿಯೂದ್ರಾಗ ಎರಡು ಗಂಟು."
ನಾನು ಸಾಹೇಬರಿಗೆ ಹೇಳಿದ್ದು:
ಅರ್ಜಿದಾರಳು ವೈಂಡರ್ ಹುದ್ದೆಯಲ್ಲಿದ್ದಳು.

*

ಊಟದ ಬಿಡುವಿನಲ್ಲಿ ಅವಳಿಗೆ ಆ ಸಾಲು ಹೇಳಿದೆ.
ಸಜ್ಜೆ ರೊಟ್ಟಿ ಮುರಿಯುತ್ತ ಕೇಳಿದಳು.
"ಹೌದ್ರೀ? ಆಕೀಗಿ ಪಗಾರ ಯಾರ ಕೊಡತಿದ್ರು?"
ಪುಸ್ತಕದಲ್ಲಿ ಅದಿಲ್ಲ.

ಇನ್ನೊಂದು ಹೇಳಿದೆ, ಮರ್ಯಾದೆ ಉಳಿಸಿಕೊಳ್ಳಲಿಕ್ಕೆ:
ದೊರೆಯೇ ಸಿಟ್ಟಿನಿಂದಲೋ ಅಕ್ಕರೆಯಿಂದಲೋ
ಕಾನೂನು ಮೀರಿ ಓಲೆ ಬರೆದರೆ
ಆ ಓಲೆಗೆ ನ್ಯಾಯಾಧೀಶ ತಲೆಬಾಗಕೂಡದು,
ಹಾಗೆಂದು ದೊರೆಯೇ ಬರೆಸಿದ್ದಾನೆ.

ಯಮನವ್ವ ರೊಟ್ಟಿ ನಿಲ್ಲಿಸಿದಳು.
ಬಾಗಿಲ ಸಂದಿನಿಂದ ಖಾಲಿ ಕುರ್ಚಿ ನೋಡಿದಳು.
"ಅಂದ್ರ ಓಲಿ ಬರತಿದ್ದು ಖರೇನ ಆತು.
ಬರಲಾರದ್ದಕ್ಕ ಬ್ಯಾಡ ಅಂತ ಯಾರ ಬರಸ್ತಾರ?
ಆ ನೂಲೂ ಹೆಣಮಗಳನ್ನೂ ಯಾರೋ
ಎತ್ತಿನಂಗ ಹೂಡಿರಬೇಕು ನೋಡ್ರಿ ಮೊದಲ."

ಮೂವತ್ತೊಂದು ವರ್ಷದಲ್ಲಿ ಯಾವ ವಕೀಲನೂ
ಕಲಮನ್ನು ಹೀಗೆ ತಿರುವಿ ಓದಿದ್ದು ನಾ ಕಾಣೆ.
ಎಪ್ಪತ್ತಮೂರನೆಯದನ್ನು ಆಮೇಲೆ ಹೇಳಲಿಲ್ಲ:
ವಾದಿಸಲು ತ್ರಾಣವಿಲ್ಲದ ಬಡವಿ
ತನ್ನ ಪರ ಮಾತಾಡುವವನೊಬ್ಬನನ್ನು ನಿಲ್ಲಿಸಲಿ.
ಅವಳ ಪಕ್ಕ ನಿಲ್ಲುವವನು ನಾನೇ.
ಪರ ಅಲ್ಲ, ಪಕ್ಕ.

*

ಮೂರೂ ಕಾಲಕ್ಕೆ ಕೂಗಿದರು.
ಮಿಲ್ಲಿನ ವಕೀಲರಿಗೆ ಯಥಾಪ್ರಕಾರ ಜ್ವರ.
ಇನ್ನೇನಾದರೂ ಹೇಳುವುದಿದೆಯೇ ಎಂದು ಕೇಳಿದರು ಸಾಹೇಬರು,
ಗಡಿಯಾರ ನೋಡುತ್ತ.
ಸೆರಗು ಸರಿಮಾಡಿ, ನನ್ನ ಕಡೆ ತಿರುಗಿ,
ಮೂಗುಬೊಟ್ಟಿನ ಪಕ್ಕ ಸಣ್ಣಗೆ ನಗೆ ಇಟ್ಟುಕೊಂಡು ಅಂದಳು:
"ಏನ ಹೇಳೂದೈತ್ರಿ. ಪಾದ್ರಿ ಎಷ್ಟ ಸ್ವತಂತ್ರ ಅದಾನೋ
ಅಷ್ಟ ಸ್ವತಂತ್ರ ಅದೀನಿ ನಾನು."

ಬೇರೇನೂ ಇಲ್ಲ ಸ್ವಾಮಿ, ಅಂದುಬಿಡಬಹುದಿತ್ತು.
ಹಾಗೆ ಎಷ್ಟು ಸಲ ಅಂದಿಲ್ಲ.
ಫ್ಯಾನು ತಿರುಗುತ್ತಿತ್ತು.
ಒಂದಕ್ಷರ ಕೂಡಿಸದೆ, ಕಳೆಯದೆ
ಅವಳಂದದ್ದನ್ನು ಅಂದೆ.

ಟೈಪಿಸ್ಟಳ ಬೆರಳು ನಿಂತವು.
"ಪಾದ್ರಿ? ಯಾವ ಪಾದ್ರಿ?" ಸಾಹೇಬರು ಕನ್ನಡಕ ತೆಗೆದರು.
ನನ್ನ ಬಾಯಿಗೆ ಉತ್ತರ ಬಂದಿತ್ತು. ಆದರೆ ಪ್ರಶ್ನೆ ಅವಳಿಗೆ;
ತಿರುಗಿ ಕನ್ನಡದಲ್ಲಿ ಅವಳನ್ನೇ ಕೇಳಿದೆ.

"ಅದನ್ನೂ ಬರ್ಕೊರಿ," ಅಂದಳು.

ಬರೆದುಕೊಂಡಿದ್ದಾರೆ. ಹಾಳೆ ಇನ್ನೂರ ಹನ್ನೊಂದು.
ಮುಂದಿನ ತಾರೀಖು ಸೆಪ್ಟೆಂಬರ್ ಒಂಬತ್ತು.