ಹದಿನೇಳಕ್ಕೂ ಹದಿನೆಂಟಕ್ಕೂ ನಡುವೆ

ಬಾಗಿಲು ಗಾಳಿಗೆ ಬಡಿಯದಂತೆ
ಅಡ್ಡ ಇಟ್ಟಿದ್ದೇನಲ್ಲ, ಈ ಇಟ್ಟಿಗೆ,
ಇದು ನನ್ನದಲ್ಲ. ಕಂಪನಿಯದು.

ಹಟ್ಟಿಯ ಮೂರನೇ ಲೈನಿನಲ್ಲಿ
ಇಪ್ಪತ್ತು ಬಾಗಿಲಿಗೆ ಒಂದೇ ಮಾಡು.
ನಮ್ಮದು ಹದಿನೇಳು.
ಒಂದು ಕೋಣೆ, ಒಂದು ಒಲೆ, ಹಿಂದೆ ನಾಲ್ಕು ಹೆಜ್ಜೆ ಹಿತ್ತಲು.
ನಕ್ಷೆ ಬರೆದ ದೊರೆ ಗಿಡ್ಡನಿರಬೇಕು ಎನ್ನುತ್ತ
ಅಪ್ಪ ಮೂಲೆಯಿಂದ ಮೂಲೆಗೆ
ಓರೆಯಾಗಿ ಮಲಗುತ್ತಿದ್ದ.

ಅತ್ತ ಹದಿನೆಂಟು: ಮೌಲಾಸಾಬ, ಖಾಜಾಬಿ.
ನಡುವಿನ ಗೋಡೆ ಮೊಳ ದಪ್ಪ.
ಇತ್ತಲೊಂದು ಗೂಡು, ಅದರ ಬೆನ್ನಿಗೇ ಅತ್ತಲೊಂದು,
ಎರಡರ ನಡುವೆ ಒಂದೇ ಇಟ್ಟಿಗೆ.
ಅದನ್ನು ಮೊದಲು ಕಿತ್ತವರು ಯಾರೋ,
ಇಬ್ಬರು ಹೆಂಗಸರೂ ಕೊನೆತನಕ ಒಪ್ಪಲಿಲ್ಲ.

ಆ ಕಿಂಡಿಯಲ್ಲಿ ಕೆಂಡ ಬಂತು, ಶೇಂಗಾ ಹಿಂಡಿ ಹೋಯಿತು,
ಹಬ್ಬಕ್ಕೆ ಸುರಕುಂಬಾ, ಹುಣ್ಣಿಮೆಗೆ ಹೋಳಿಗೆ.
ಭೋಂಗಾ ಕೂಗಿದ ಮೇಲೆ
"ಏರಿ ಬಂದಾನೇನ?"
"ಇನ್ನೂ ಇಲ್ಲವಾ. ನಿಮ್ಮವರು?"
ನೆಲದಡಿ ಎರಡು ಸಾವಿರ ಅಡಿಯಲ್ಲಿ
ಇಬ್ಬರು ಗಂಡಸರು ಬಂಗಾರದ ಬಂಡೆ ಕೊರೆಯುವಾಗ
ಮೇಲೆ ಗೇಣು ಕಿಂಡಿಯಲ್ಲಿ
ಎರಡು ಮನೆಗಳ ಉಸಿರು ಓಡಾಡುತ್ತಿತ್ತು.
ಸಾಹೇಬರು ಮನೆ ನೋಡಲು ಬಂದ ದಿನ
ಇಟ್ಟಿಗೆ ತನ್ನ ಜಾಗಕ್ಕೆ.
ಅದರ ಮುಂದೆ ಇತ್ತ ಅಮರೇಶ್ವರ, ಅತ್ತ ಮಕ್ಕಾ.

ಕಲ್ಲುಪುಡಿ ಎದೆಗಿಳಿಯಿತು.
ಅಪ್ಪ ಕೆಮ್ಮಿದರೆ ಅತ್ತಲಿಂದ ಉತ್ತರ,
ರಾತ್ರಿಯೆಲ್ಲ, ಭಜನೆಯ ಎರಡು ಮೇಳದ ಹಾಗೆ.

ಅಪ್ಪ ಹೋದ ವಾರ
ಮೌಲಾಸಾಬ ಇಟ್ಟಿಗೆ ತಂದು ಕಿಂಡಿಗೆ ತುರುಕಿದ,
ತನ್ನ ಕೆಮ್ಮು ಅವ್ವನಿಗೆ ಕೇಳದಿರಲೆಂದು.
ನಡುರಾತ್ರಿ ಎದ್ದು ಅವ್ವ ಅದನ್ನು ತೆಗೆದಳು.
"ಕೆಮ್ಮೋ ಅಣ್ಣಾ.
ಗಪ್ಪಾದ್ರ ಮನಿ ತಿನ್ನಾಕ ಬರತೈತಿ."
ಅಂದು ಇಟ್ಟಿಗೆಯನ್ನು ಟ್ರಂಕಿಗೆ ಹಾಕಿ ಬೀಗ ಜಡಿದಳು.

ಕ್ವಾರ್ಟರ್ಸು ಬಿಡಲು ಮೂರು ತಿಂಗಳ ಗಡುವು.
ಕೊನೆಯ ದಿನ ಗುಮಾಸ್ತ ಪಟ್ಟಿ ಹಿಡಿದು ಬಂದ:
ಚಿಲಕ ಎರಡು, ಸರಿ. ಬಲ್ಬು ಒಂದು, ಸರಿ.
ಕಿಟಕಿಯ ಸರಳು ಆರು, ಸರಿ.
ಗೂಡಿನೊಳಗೆ ಕೈ ಹಾಕಿದ,
ಮೊಣಕೈತನಕ ಹೋಯಿತು,
ಅತ್ತ ಯಾರದೋ ಮಗು ಅವನ ಬೆರಳು ಹಿಡಿಯಿತು.

ಬರೆದ: ಇಟ್ಟಿಗೆ ಒಂದು, ಕಡಿಮೆ. ದಂಡ ಐದು ರೂಪಾಯಿ.

ಅವ್ವ ಸೆರಗಿನ ಗಂಟು ಬಿಚ್ಚಿ
ಎರಡೂವರೆ ಎಣಿಸಿಟ್ಟಳು.
ಅವನು ತಲೆಯೆತ್ತಿ ಕೇಳುವ ಮೊದಲೇ
ಕಿಂಡಿಯಿಂದ ಹಸಿರು ಬಳೆಯ ಕೈಯೊಂದು
ಉಳಿದ ಎರಡೂವರೆ ನೀಡಿತು.